ಮೂವತ್ತೊಂದನೆಯ ಸಾಲು

2005ರ ಡಿಸೆಂಬರ್ ಒಂದು, ಗುರುವಾರ ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ಜಂಬಪ್ಪ ಯಶವಂತನಗರದ ಅದಿರು ಅಂಗಳದಲ್ಲಿ ಒಂದು ಲಾರಿಯ ಮೇಲೆ ನಿಂತು ಕೈಗಡಿಯಾರದಲ್ಲಿ ತಾರೀಖು ನೋಡುತ್ತಿದ್ದ. ಗಡಿಯಾರ 31 ಎಂದು ತೋರಿಸಿತು. ಮೂವತ್ತೇ ದಿನದ ತಿಂಗಳು ಮುಗಿದಾಗ ಆ ತರಹದ ಗಡಿಯಾರದ ತಾರೀಖನ್ನು ಕೈಯಿಂದ ತಿರುಗಿಸಿ ಒಂದಕ್ಕೆ ತರಬೇಕು. ಅವನು ಮರೆತಿದ್ದ. ಎಡಗೈಯಲ್ಲಿದ್ದ ಹಳೆಯ ಇಂಗ್ಲಿಷ್ ಪತ್ರಿಕೆಯ ಇಪ್ಪತ್ಮೂರನೆಯ ಪುಟ ತೆರೆದು, ಮೂವತ್ತೊಂದನೆಯ ಸಾಲಿನ ಮೇಲೆ ಬೆರಳಿಟ್ಟು, ಐದು ಅಂಕಿ ಓದಿಕೊಂಡು ಸಲಿಕೆ ಎತ್ತಿದ.

ಆ ಪತ್ರಿಕೆ ಈಗ ನನ್ನ ಮೇಜಿನ ಮೇಲಿದೆ. 1982ರದು, ಹದಿನೇಳನೆಯ ಸಂಚಿಕೆ. ಮುಖಪುಟದಲ್ಲಿ ಹಲ್ಲಿಯ ತಲೆಯ ಒಬ್ಬ ಸೈನಿಕ ಮೆಟ್ಟಿಲಿಳಿಯುತ್ತಿದ್ದಾನೆ. ಪತ್ರಿಕೆಯ ಹೆಸರಿದ್ದ ಮೇಲಿನ ಪಟ್ಟಿ ಹರಿದುಹೋಗಿದೆ, ಪಿನ್ನುಗಳು ತುಕ್ಕು ಹಿಡಿದು ನಡುಪುಟಕ್ಕೆ ಕಂದು ಬಣ್ಣ ಬಿಟ್ಟಿವೆ. ಒಳಗಿರುವುದೆಲ್ಲ ಒಂದು ಬಗೆಯ ಆಟದ ವಿಷಯ. ಅದಕ್ಕೆ ಕಾಯಿ ಬೇಕಿಲ್ಲ. ಮೇಜಿನ ಸುತ್ತ ಕೂತವರಲ್ಲಿ ಒಬ್ಬ ಕತೆ ಹೇಳುತ್ತಾನೆ. ಉಳಿದವರು ಆ ಕತೆಯೊಳಗೆ ಒಂದೊಂದು ಪಾತ್ರವಾಗಿ ಹೊಕ್ಕು, ತಾವು ಏನು ಮಾಡುತ್ತೇವೆಂದು ಬಾಯಲ್ಲೇ ಹೇಳುತ್ತಾರೆ. ಮಾಡಿದ್ದು ಕೈಗೂಡಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ದಾಳ ಸಿಗದ ಊರಿನವರಿಗಾಗಿ ಸಂಪಾದಕರು ಇಪ್ಪತ್ಮೂರನೆಯ ಪುಟದಲ್ಲಿ ಒಂದು ಕೋಷ್ಟಕ ಅಚ್ಚು ಹಾಕಿದ್ದರು: ಐವತ್ತು ಸಾಲು, ಇಪ್ಪತ್ತು ಕಂಬ, ಒಂದರಿಂದ ಇಪ್ಪತ್ತರವರೆಗಿನ ಅಂಕಿಗಳು ಯಾವ ಕ್ರಮವೂ ಇಲ್ಲದೆ.

ಇದು ಅವನ ಕೈಗೆ ಬಂದದ್ದು 2003ರಲ್ಲಿ. ಅವನ ಅಕ್ಕ ಹೊಳೆಮ್ಮ ಹಂಪಿಯಲ್ಲಿ ಹೊಳೆಯಾಚೆಯ ಒಂದು ವಸತಿಗೃಹದಲ್ಲಿ ಕೋಣೆ ಗುಡಿಸುತ್ತಿದ್ದಳು. ಪರದೇಶದವರು ಬಿಟ್ಟುಹೋದ ಪುಸ್ತಕಗಳನ್ನು ಮಿರ್ಚಿ ಅಂಗಡಿಗೆ ರದ್ದಿಯಾಗಿ ಹಾಕುತ್ತಿದ್ದಳು. ಆ ರಾಶಿಯಿಂದ ಜಂಬಪ್ಪ ಚಿತ್ರಕ್ಕಾಗಿ ಇದನ್ನು ಎತ್ತಿಕೊಂಡ. ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟವನು. ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಗುರುತಿಸುತ್ತಿದ್ದ, ವಾಕ್ಯ ಆಗುತ್ತಿರಲಿಲ್ಲ.

ಗಣಿಗೆ ಬರುವ ಮೊದಲು ಅವನು ಕಂಪ್ಲಿಯ ಒಂದು ಅಕ್ಕಿ ಗಿರಣಿಯಲ್ಲಿ ಹನ್ನೊಂದು ವರ್ಷ ಭತ್ತದ ಮಾದರಿ ತೆಗೆಯುತ್ತಿದ್ದ. ಚೀಲಕ್ಕೆ ಟೊಳ್ಳು ಸೂಜಿ ಚುಚ್ಚಿ, ಬಂದ ಹಿಡಿ ಭತ್ತವನ್ನು ಅಂಗೈಯಲ್ಲಿ ಉಜ್ಜಿ ನೋಡುವ ಕೆಲಸ. ತಂದವರು ಚೀಲದ ಬಾಯಿಗೆ ಗಟ್ಟಿ ಕಾಳು ಹಾಕಿ ತಳಕ್ಕೆ ಜೊಳ್ಳು ತುಂಬಿರುತ್ತಾರೆ ಎಂಬುದು ಅವನಿಗೆ ಪಾಠವಾಗಿತ್ತು. ಅದಿರಿನಲ್ಲೂ ಹಾಗೇ. ನಮ್ಮ ಕಂಪನಿ ಸಣ್ಣ ಗಣಿಗಳಿಂದ ಅದಿರು ಕೊಳ್ಳುತ್ತಿತ್ತು. ಲಾರಿಯಿಂದ ತೆಗೆದ ಮಾದರಿಯಲ್ಲಿ ಕಬ್ಬಿಣ ನೂರಕ್ಕೆ ಅರವತ್ತೆರಡಕ್ಕಿಂತ ಕಡಿಮೆ ಇದ್ದರೆ ಸರಕು ವಾಪಸ್. ಅದನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ನಾನು ಕೆಮಿಸ್ಟ್.

ಮೊದಲು ಮಾದರಿ ತೆಗೆಯುವವರು ಕಣ್ಣಳತೆಯಲ್ಲಿ ಅಗೆಯುತ್ತಿದ್ದರು. ಒಳ್ಳೆಯದು ಬಂದರೆ ಕೊಳ್ಳುವವರು, ಕೆಟ್ಟದ್ದು ಬಂದರೆ ಮಾರುವವರು ಅವರನ್ನೇ ಬೈಯುತ್ತಿದ್ದರು. 2004ರ ಜನವರಿಯಲ್ಲಿ ಜಂಬಪ್ಪ ನನ್ನ ಬಳಿ ಒಂದು ಯೋಚನೆ ತಂದ. ಲಾರಿಯ ಮೇಲ್ಭಾಗವನ್ನು ಹಗ್ಗದಿಂದ ಇಪ್ಪತ್ತು ಮನೆ ಮಾಡುವುದು. ಕೋಷ್ಟಕದಲ್ಲಿ ಆ ದಿನದ ತಾರೀಖಿನ ಸಾಲು, ಆ ತಿಂಗಳಿನ ಕಂಬ; ಅಲ್ಲಿಂದ ಮುಂದಿನ ಐದು ಅಂಕಿಗಳು ಯಾವುವೋ ಆ ಐದು ಮನೆಗಳಲ್ಲಿ ಮೊಣಕೈ ಆಳ ಅಗೆಯುವುದು. ಬೆಳಿಗ್ಗೆ ಅವನು ಬರುವ ಹೊತ್ತಿಗೆ ಆ ದಿನದ ಲಾರಿಗಳೆಲ್ಲ ತುಂಬಿ, ತಾಡಪಾಲು ಬಿಗಿದು ಸಾಲಿನಲ್ಲಿ ನಿಂತಿರುತ್ತಿದ್ದವು. ಆಮೇಲೆ ಯಾರೂ ಕೈಯಾಡಿಸಲಾರರು.

"ನಿನಗ ಬೇಕಾದ ಸಾಲು ಹಿಡದೀ ಅಂದ್ರ?" ಎಂದೆ.

"ಅದಕ್ಕs ತಾರೀಖಿಗೆ ಕಟ್ಟೀನಲ್ರಿ ಸರ. ತಾರೀಖು ನನ್ನ ಮಾತು ಕೇಳತೈತೇನು?"

"ಪುಟ ತೋರ್ಸು."

"ಬ್ಯಾಡ್ರಿ. ನೀವು ನೋಡಿದ್ರ ನಾಳೆ ನಿಮ್ಮ ಹೆಸರೂ ಬರ್ತೈತಿ. ನೇಮ ಗ್ವಾಡಿ ಮ್ಯಾಲ ಹಚ್ರಿ, ಪುಟ ನನ್ನ ಡಬ್ಬಿನ್ಯಾಗ ಇರ್ಲಿ."

ನಿಯಮವನ್ನು ಟೈಪ್ ಮಾಡಿಸಿ ಗೋಡೆಗೆ ಅಂಟಿಸಿದೆ. ಕೆಳಗೆ ಸಹಿಯೂ ಹಾಕಿದೆ. ಮುಂದಿನ ಇಪ್ಪತ್ತು ತಿಂಗಳು ನಮ್ಮ ಅಂಕಿಗೂ ಬಂದರಿನಲ್ಲಿ ಮತ್ತೆ ಪರೀಕ್ಷಿಸಿದ ಅಂಕಿಗೂ ಸರಾಸರಿ ವ್ಯತ್ಯಾಸ ಸೊನ್ನೆ ಪಾಯಿಂಟ್ ಮೂರು. ಅಂಗಳದ ಡ್ರೈವರುಗಳು "ಜಂಬಣ್ಣ ಹೇಳಿದ್ರ ಮುಗೀತು" ಎನ್ನತೊಡಗಿದ್ದರು. ಆ ಮಾತು ಕಿವಿಗೆ ಬಿದ್ದ ದಿನ ಅವನು ಮಧ್ಯಾಹ್ನದ ರೊಟ್ಟಿಯನ್ನು ನಿಧಾನವಾಗಿ ತಿನ್ನುತ್ತಿದ್ದ.

ಪತ್ರಿಕೆಯನ್ನು ಅವನಿಗೆ ಓದಿ ಹೇಳಿದವನು ಈಶ್ವರ್. ಅವನೂ ಕಂಪ್ಲಿಯವನೇ, ಬಿ.ಕಾಂ. ಮಾಡಿದವನು, ನಮ್ಮ ವೇಬ್ರಿಡ್ಜಿನಲ್ಲಿ ತೂಕದ ಚೀಟಿ ಬರೆಯುತ್ತಿದ್ದ. ಇಬ್ಬರೂ ಹೊಸಪೇಟೆಯಲ್ಲಿ ಒಂದೇ ಕೋಣೆ ಹಿಡಿದಿದ್ದರು. ಬೆಳಿಗ್ಗೆ ಐದಕ್ಕೆ ಹೊರಡುವ ಕಂಪನಿ ಬಸ್ಸಿನ ಹಿಂದಿನ ಸೀಟಿನಲ್ಲಿ ಈಶ್ವರ್ ಪತ್ರಿಕೆಯಲ್ಲಿದ್ದ ಒಂದು ಪಾಳುಕೋಟೆಯ ಕತೆಯನ್ನು ಕನ್ನಡದಲ್ಲಿ ಹೇಳುತ್ತಿದ್ದ. ಜಂಬಪ್ಪ ಅದರೊಳಗೆ ಕಾವಲುಗಾರ. ಆಫೀಸಿನ ಕ್ಯಾಂಟೀನಿನ ದುರ್ಗಕ್ಕ, ಬ್ಯಾಡ ಬ್ಯಾಡ ಎನ್ನುತ್ತಲೇ, ಮಂತ್ರಗಾತಿಯಾಗಿದ್ದಳು.

"ಮುಂದ ಒಂದು ಬಾಗ್ಲ. ಅರ್ಧ ತೆಗದೈತಿ. ಒಳಗ ಕತ್ಲಿ," ಎನ್ನುವನು ಈಶ್ವರ್. "ಏನ್ ಮಾಡ್ತೀಲೇ ಜಂಬ?"

"ಮೊದ್ಲು ಕೋಲ್ಲೆ ತಿವೀತೀನಿ."

"ಬಾಗ್ಲಾನ?"

"ಬಾಗ್ಲಾನೂ, ನೆಲಾನೂ, ಮ್ಯಾಲಿಂದೂ."

"ಯಪ್ಪಾ, ಈತ ತಿವಿಯೂದ್ರಾಗ ಸಂಡೂರು ದಾಟಿ ಹೋಗ್ತೈತಿ," ಎನ್ನುವಳು ದುರ್ಗಕ್ಕ. "ನನ್ನ ಮಂತ್ರ ಎಷ್ಟು ಉಳದಾವು ಹೇಳೋ ಈಶ್ವರಾ. ಒಂದು ಒಗದು ಒಳಗ ಹೋಗೂಣು, ಜಲ್ದಿ."

"ಒಂದs ಉಳದೈತಿ ದುರ್ಗಕ್ಕ. ನಿನ್ನೆ ಘಾಟಿನ್ಯಾಗ ಎರಡು ಸುಟ್ಟಿ."

"ಸುಳ್ಳು ಹೇಳ್ತಾನ ನೋಡ್ರಿ ಬಾಡ್ಯಾ!"

ಅರ್ಧ ಬಸ್ಸು ತಿರುಗಿ ಕೂತು ಕೇಳುತ್ತಿತ್ತು. ಜಂಬಪ್ಪನ ಕಾವಲುಗಾರ ಎರಡು ವರ್ಷದಲ್ಲಿ ಒಮ್ಮೆಯೂ ಸಾಯಲಿಲ್ಲ.

2005ರ ಸೆಪ್ಟೆಂಬರಿನಲ್ಲಿ ಈಶ್ವರ್ ಕತೆಯ ಮುಂದಿನ ಭಾಗ ಬರೆದುಕೊಳ್ಳಬೇಕೆಂದು ಪತ್ರಿಕೆಯನ್ನು ಎರಡು ದಿನ ಕಂಪ್ಲಿಗೆ ಒಯ್ದ. ಜಂಬಪ್ಪ ಕೊಟ್ಟ. ಅಕ್ಟೋಬರಿನಿಂದ ನಮ್ಮ ಅಂಕಿ ಬಂದರಿನ ಅಂಕಿಗಿಂತ ಐದರಷ್ಟು ಹೆಚ್ಚು ಬರತೊಡಗಿತು. ಅದೂ ಒಬ್ಬನೇ ಮಾರಾಟಗಾರನ ಸರಕಿನಲ್ಲಿ. ನಾನು ಆಮ್ಲ ಬದಲಿಸಿದೆ, ತಕ್ಕಡಿ ಸರಿಮಾಡಿಸಿದೆ, ಒಂದೇ ಮಾದರಿಯನ್ನು ಮೂರು ಸಲ ಪರೀಕ್ಷಿಸಿದೆ. ತಪ್ಪು ಪ್ರಯೋಗಾಲಯದಲ್ಲಿರಲಿಲ್ಲ.

ಡಿಸೆಂಬರ್ ಒಂದರಂದು ಹತ್ತೂವರೆಗೆ ಆ ಮಾರಾಟಗಾರನ ಲಾರಿಯ ಅಂಕಿ ಬಂತು: ಐವತ್ತೇಳು ಪಾಯಿಂಟ್ ಎಂಟು. ಎರಡು ತಿಂಗಳಿಂದ ಅರವತ್ಮೂರಕ್ಕಿಂತ ಕೆಳಗೆ ಇಳಿಯದಿದ್ದ ಸರಕು. ಜಂಬಪ್ಪನನ್ನು ಕರೆಸಿ ಯಾವ ಸಾಲು ಹಿಡಿದೆ ಎಂದೆ.

"ಮೂವತ್ತೊಂದು ಸರ."

"ಇವತ್ತು ಒಂದನೇ ತಾರೀಖಲ್ಲೋ!"

ಅವನು ಗಡಿಯಾರ ನೋಡಿಕೊಂಡ. ಕ್ಯಾಲೆಂಡರ್ ನೋಡಿದ. ಮುಖ ಇಳಿಯಿತು. ಇಪ್ಪತ್ತು ತಿಂಗಳಿಗೂ ಮೀರಿದ ಕೆಲಸದಲ್ಲಿ ಅದೇ ಅವನ ಮೊದಲ ತಪ್ಪು. ಲಾರಿ ಇನ್ನೂ ಅಂಗಳದಲ್ಲೇ ಇತ್ತು. ಇಬ್ಬರೂ ಹತ್ತಿದೆವು. ಅವನು ಒಂದನೆಯ ಸಾಲು ಓದಿ ಹಗ್ಗದ ಮನೆ ಎಣಿಸಿ ಅಗೆದ. ಮೊದಲ ಗುಂಡಿಯಲ್ಲಿ ಒಂದು ಬುಟ್ಟಿಯಷ್ಟು ನೀಲಿ ಛಾಯೆಯ ತೂಕದ ಅದಿರು. ಎರಡನೆಯದರಲ್ಲಿ, ಮೂರನೆಯದರಲ್ಲಿ, ಐದರಲ್ಲೂ ಅದೇ. ಸುತ್ತಲಿನ ಹದಿನೈದು ಮನೆಯಲ್ಲಿ ಕೈಯಲ್ಲಿ ಒತ್ತಿದರೆ ಪುಡಿಯಾಗುವ ಕೆಂಪು ಮಣ್ಣು.

ಅವನು ಅಗೆದ ಅದಿರಿನ ಮೇಲೇ ಕೂತ. ಕೋಷ್ಟಕದ ಒಂದು ಪ್ರತಿ ಬೇರೆಯವರ ಕೈಯಲ್ಲಿದೆ ಎಂಬುದು ಸ್ಪಷ್ಟವಿತ್ತು. ಅದು ಯಾರಿಂದ ಹೋಯಿತು ಎಂಬುದು ಅವನಿಗೆ ನನಗಿಂತ ಮೊದಲೇ ತಿಳಿದಿರಬೇಕು.

ಸಂಜೆ ಬಸ್ಸಿನಲ್ಲಿ ನಡೆದದ್ದನ್ನು ಅವನೇ ನನಗೆ ಹೇಳಿದ. ಈಶ್ವರ್ ಸುಳ್ಳಾಡಲಿಲ್ಲವಂತೆ.

"ಹೌದು, ಜೆರಾಕ್ಸ್ ಕೊಟ್ಟೀನಿ. ಆ ಗಣಿಯವ್ರು ಲಾರಿನ್ಯಾಗ ಪಾಲು ಕೊಡ್ತೀವಿ ಅಂದ್ರು. ಊರಾಗಿನ ಸೈಕಲ್ ರಿಪೇರಿಯವ್ರೂ ಲಾರಿ ಮಾಲಕ್ರಾಗ್ಯಾರ, ನಾ ಒಬ್ಬ ಚೀಟಿ ಬರಕೋತ ಕುಂದ್ರಲೇನು?"

"ಅದು ನನ್ನ ಪುಟ ಅಲ್ಲೇನಲೇ."

"ಪರದೇಶದ ಹುಡುಗ್ರು ಆಡೂ ಆಟದ ಪುಟ ಅದು. ನಿಂದೇನು, ಕಂಪನಿದೇನು? ನಾ ಓದಿ ಹೇಳದಿದ್ರ ನಿನಗ ಅದು ಮಿರ್ಚಿ ಕಟ್ಟೂ ಕಾಗದ."

ಅದು ನಿಜವಾಗಿತ್ತು. ಈಶ್ವರನೇ ಜಂಬಪ್ಪನ ಹೆಗಲ ಮೇಲೆ ಕೈಯಿಟ್ಟ. "ಅಂಜಬ್ಯಾಡ. ಆಫೀಸ್ನ್ಯಾಗ ಕೇಳಿದ್ರ ನಾನs ಒಪ್ಕೋತೀನಿ. ನಿನ್ನ ಮ್ಯಾಲ ಬರಗೊಡೂದಿಲ್ಲ. ಭಾಷೆ."

ಜಂಬಪ್ಪ ಆ ಭಾಷೆಯನ್ನು ನಂಬಿದ. ನನ್ನ ಬಳಿ ಹೇಳುವಾಗಲೂ, "ಹೇಳ್ತಾನ್ರಿ ಸರ. ಅವನ ಬಾಯಿಂದ ಬಂದ್ರs ಚಲೋ. ನೀವು ಮುಂದ ಬಿದ್ದು ಹೇಳಬ್ಯಾಡ್ರಿ," ಎಂದ. ಲಾರಿಯ ಮೋಸವನ್ನಷ್ಟೇ ಆಫೀಸಿಗೆ ತಿಳಿಸಿದೆ, ಈಶ್ವರನ ಹೆಸರು ಹೇಳಲಿಲ್ಲ. ಅದು ನನ್ನ ತಪ್ಪು. ಆಫೀಸಿನವರ ವಿಚಾರಣೆ ಮುಗಿದ ಮೇಲೆ ಎರಡು ಪುಟದ ವರದಿ ಬರೆದು ಕಳಿಸಿದೆ. ಅದಕ್ಕೆ ಉತ್ತರ ಬರಲಿಲ್ಲ.

ಕೆಲಸ ಹೋದ ಮೇಲೆ ಜಂಬಪ್ಪ ಕಂಪ್ಲಿಯ ಗಿರಣಿಗೇ ಮರಳಿದ. ಮಾದರಿ ತೆಗೆಯುವ ಕೆಲಸಕ್ಕೆ ಅವರು ತೆಗೆದುಕೊಳ್ಳಲಿಲ್ಲ, ಅಷ್ಟು ಹೊತ್ತಿಗೆ ಸುದ್ದಿ ಅಲ್ಲಿಗೂ ಮುಟ್ಟಿತ್ತು. ತೌಡಿನ ಚೀಲ ಹೊಲಿಯಲು ಹಚ್ಚಿದರು. ಈಶ್ವರ್ ಮರುವರ್ಷ ಲಾರಿ ತಂದ. ಗಾದಿಗನೂರಿನ ಹತ್ತಿರ ಅದನ್ನು ಒಂದೆರಡು ಸಲ ನಾನೂ ನೋಡಿದ್ದೇನೆ. 2009ರಲ್ಲಿ ಕಂಪ್ಲಿಯಲ್ಲಿ ಭೇಟಿಯಾದಾಗ ಜಂಬಪ್ಪ ಈ ಪತ್ರಿಕೆಯನ್ನು ನನಗೆ ಕೊಟ್ಟ. ನಲವತ್ತೆಂಟು ಪುಟಗಳಲ್ಲಿ ನಲವತ್ತಾರು ಇವೆ. ಕೋಷ್ಟಕವಿದ್ದ ಹಾಳೆಯನ್ನು ಆಫೀಸಿನವರು ಕಿತ್ತುಕೊಂಡು ಕಡತಕ್ಕೆ ಸೇರಿಸಿದ್ದರು. ಕಾವಲುಗಾರನ ಕತೆ ಮುಂದೇನಾಯಿತು ಎಂದು ಕೇಳಿದೆ. "ಹೇಳವ್ರು ಯಾರ್ರಿ?" ಎಂದ.

ವಿಚಾರಣೆಯ ದಿನ ನಾನು ಒಳಗಿರಲಿಲ್ಲ. ಅಲ್ಲಿ ನಡೆದದ್ದನ್ನು ಹೇಳಿದವಳು ಚಹಾ ಒಯ್ದಿದ್ದ ದುರ್ಗಕ್ಕ. ಡಿಸೆಂಬರ್ ಐದು, ಸಂಡೂರಿನ ಆಫೀಸು. ಬೆಂಗಳೂರಿನಿಂದ ಬಂದಿದ್ದ ವ್ಯವಸ್ಥಾಪಕರಿಗೆ ಬಸ್ಸಿನ ಆಟದ ಸಂಗತಿ ಗೊತ್ತಿರಲಿಲ್ಲ. ಜಂಬಪ್ಪನ ಕೋಣೆಯವನೆಂದು ಅವರು ಮೊದಲು ಈಶ್ವರನನ್ನು ಕೇಳಿದರು: ಈ ಪುಸ್ತಕ ನೀನು ನೋಡಿದ್ದೀಯಾ?

"ಇಲ್ಲ ಸರ್. ಇದs ಮೊದಲ ಸಲ ನೋಡೂದು."

"ನನ್ನ ಮುಂದ ಹೇಳಿದ ಯಪ್ಪಾ," ಎಂದು ದುರ್ಗಕ್ಕ ನನ್ನೆದುರು ಕೈ ತಿರುವಿದಳು. "ಎರಡು ವರ್ಷ ನನ್ನ ಮಂತ್ರ ಕದ್ದವ, ನನ್ನ ಕೈಯಾಗಿಂದ ಚಾ ಇಸಗೊಂಡು ನನ್ನ ಮುಂದ ಹೇಳಿದ! ನಾ ಬಾಯಿ ತೆಗದ್ನಿ, ಸಾಹೇಬ್ರು ಹೊರಗ ನಡಿ ಅಂದ್ರು. ಬಾಗ್ಲದಾಗ ನಿಂತ್ನಿ."

ಜಂಬಪ್ಪ ತಿರುಗಿ ಈಶ್ವರನನ್ನು ನೋಡಿದನಂತೆ. ಈಶ್ವರ್ ಲೋಟದೊಳಗೆ ನೋಡುತ್ತಿದ್ದ.

ವ್ಯವಸ್ಥಾಪಕರು ಜಂಬಪ್ಪನ ಕಡೆಗೆ ಬಂದರು. ಇವತ್ತಿಗಿಂತ ಮೊದಲು ಈ ಪುಟ ನೋಡಿದವರು ಎಷ್ಟು ಜನ?

"ಇಬ್ರು, ಸರ."

"ಇನ್ನೊಬ್ಬ ಯಾರು? ಹೆಸರು ಹೇಳು."

ಅವನು ಹೇಳಲಿಲ್ಲ. ಈಶ್ವರ್ ತಾನಾಗಿ ಒಪ್ಪಿಕೊಳ್ಳಲೆಂದು ಕಾಯುತ್ತಿದ್ದ ಎನ್ನುತ್ತಾಳೆ ದುರ್ಗಕ್ಕ. ಈಶ್ವರ್ ಲೋಟ ಕೆಳಗಿಟ್ಟು ತುಟಿ ಒರೆಸಿಕೊಂಡ.

"ಹೆಸರಿಲ್ಲ ಅಂದರೆ ನೀನು ಒಬ್ಬನೇ," ಎಂದು ವ್ಯವಸ್ಥಾಪಕರು ಪೆನ್ನು ತೆಗೆದರು. "ಒಬ್ಬ ಅಂತ ಬರೆದುಕೊಳ್ಳಲೇ?"

ಜಂಬಪ್ಪ ತಲೆ ಎತ್ತಿದ. ಲಾರಿಯ ಮೇಲಿಂದ ಕೆಳಗಿನವನಿಗೆ ಅಂಕಿ ಕೂಗುವಾಗಿನ ಅದೇ ದನಿಯಲ್ಲಿ, ಬಾಗಿಲಾಚೆಗೂ ಕೇಳುವಂತೆ, ಇನ್ನೊಮ್ಮೆ ಹೇಳಿದ:

"ಇಬ್ರು."