ಬೆದೆಗೆ ಬಾರದ ಕಡಸು

ಮೊನ್ನೆ ಸಕಲೇಶಪುರದ ಅಂಗಡಿಯೊಂದರಲ್ಲಿ ಕೆಂಪು ಕಾರ್ಬಾಲಿಕ್ ಸೋಪಿನ ವಾಸನೆ ಮೂಗಿಗೆ ಬಡಿದು, ನಮ್ಮ ಪಶು ಆಸ್ಪತ್ರೆಯ ಕಾಂಪೌಂಡರ್ ನೆನಪಾದರು. ದನ ನೋಡುವ ಮೊದಲು ಮೊಣಕೈವರೆಗೆ ಅದನ್ನೇ ಉಜ್ಜಿಕೊಳ್ಳುತ್ತಿದ್ದರು...

ನಾನು ಆಗಷ್ಟೇ ಡಾಕ್ಟರಾಗಿ ಬಂದವನು. ಅವರು ಓದಿದ್ದು ಎಸ್ಸೆಸ್ಸೆಲ್ಸಿ. ಆದರೂ ಹಾನುಬಾಳಿನಿಂದ ಬಂದವರು ನಾನು ಬರೆದ ಚೀಟಿಯನ್ನು ಅವರಿಗೆ ತೋರಿಸಿ, ಅವರು ತಲೆಯಾಡಿಸಿದ ಮೇಲೇ ಔಷಧಿ ಕೊಳ್ಳುತ್ತಿದ್ದರು. ನನಗೆ ಹೊಟ್ಟೆ ಉರಿಯುತ್ತಿತ್ತು.

ಆನೇಮಹಲಿನಲ್ಲಿ ಟೀ ಹೋಟೆಲ್ ಇಟ್ಟಿದ್ದ ಬಾಯಮ್ಮ ಒಂದು ಹೆಣ್ಣುಕರು ಕೊಂಡು ಸಾಕಿದ್ದರು. ಹೋಟೆಲಿನ ಹಾಲಿಗೆ ಅದನ್ನೇ ನಂಬಿದ್ದರು. ಮೂರು ವರ್ಷವಾದರೂ ಕಡಸು ಬೆದೆಗೆ ಬರಲಿಲ್ಲ. ನಾನು ಅವಸರದಲ್ಲಿ ಒಮ್ಮೆ ನೋಡಿ, ತಿಂಗಳುಗಟ್ಟಲೆ ಇಂಜೆಕ್ಷನ್ ಕೊಟ್ಟೆ.

ಒಂದು ದಿನ ಹಾಸನದ ಮೀಟಿಂಗ್ ಮುಗಿಸಿ ಬಂದಾಗ ಬಾಯಮ್ಮ ಕಡಸು ಹಿಡಿದು ಕಾಯುತ್ತಿದ್ದರು. ಕಾಂಪೌಂಡರ್ ನನ್ನನ್ನು ಪಕ್ಕಕ್ಕೆ ಕರೆದರು.

"ಸಾರ್, ಇದು ಹೋರಿಗರುವಿನ ಜೊತೆ ಅವಳಿ ಹುಟ್ಟಿರ್ಬೇಕು. ಕೈ ಹಾಕಿ ನೋಡ್ದೆ, ಒಳಗೆ ಗರ್ಭಕೋಶನೇ ಬೆಳ್ದಿಲ್ಲ. ಅವರಿಗೆ ನಾನೇನೂ ಹೇಳಿಲ್ಲ. ನೀವೇ ನೋಡ್ಬುಟ್ಟು ಹೇಳಿ."

ಕೈ ಹಾಕಿ ನೋಡಿದೆ. ಗರ್ಭಕೋಶ ಇರಬೇಕಾದಲ್ಲಿ ದಾರದಂಥ ಒಂದು ಎಳೆ, ಅಷ್ಟೇ. ಗಂಡಿನ ಜೊತೆ ಅವಳಿಯಾದ ಹೆಣ್ಣುಕರು ಹೆಚ್ಚಾಗಿ ಹುಟ್ಟು ಗೊಡ್ಡು ಎಂದು ಪರೀಕ್ಷೆಯಲ್ಲಿ ಬರೆದು ಪಾಸಾದವನು ನಾನು! ಕೇಳಿದರೆ, ಕೊಂಡ ಮನೆಯಲ್ಲಿ ಇದರ ಜೊತೆಗೇ ಹುಟ್ಟಿದ ಗಂಡುಕರುವೂ ಇತ್ತೆಂದು ಬಾಯಮ್ಮ ಹೇಳಿದರು. ಅಲ್ಲಿಯವರೆಗೆ ನಾನು ಕೇಳಿರಲೇ ಇಲ್ಲ.

ವಿಷಯ ತಿಳಿಸಿದೆ. ಬಾಯಮ್ಮ ಕಡಸಿನ ಬೆನ್ನ ಮೇಲೆ ಕೈಯಿಟ್ಟರು.

"ನೀವಾದ್ರೂ ಕಂಡುಹಿಡಿದ್ರಲ್ಲ ಡಾಕ್ಟ್ರೇ. ಇನ್ನೆಷ್ಟು ವರ್ಷ ಕಾಯ್ತಿದ್ನೋ."

ಕಾಂಪೌಂಡರ್ ನನ್ನ ಕೈಗೆ ನೀರು ಹುಯ್ಯುತ್ತಿದ್ದರು. ನಾನು ಅವರ ಹೆಸರು ಎತ್ತಲಿಲ್ಲ.

ಬಾಯಮ್ಮ ಹೋದ ಮೇಲೆ, ದನಕ್ಕೆ ಕೈ ಹಾಕುವುದು ನಿಮ್ಮ ಕೆಲಸವಲ್ಲ ಎಂದು ಕಾಂಪೌಂಡರಿಗೆ ಖಡಕ್ಕಾಗಿ ಹೇಳಿದೆ. "ಆಯ್ತು ಸಾರ್" ಎಂದರು. ನಿವೃತ್ತರಾಗುವ ತನಕ ಮತ್ತೆ ಒಂದು ದನವನ್ನೂ ಮುಟ್ಟಲಿಲ್ಲ. ಬಂದವರಿಗೆಲ್ಲ ನನ್ನ ಕೋಣೆ ತೋರಿಸುತ್ತಿದ್ದರು. ಜನ ನನ್ನ ಬಳಿಗೇ ಬರತೊಡಗಿದರು. ಹೊಟ್ಟೆಯುರಿ ಮಾತ್ರ ಆರಲಿಲ್ಲ...

ಎರಡು ವರ್ಷದ ಹಿಂದೆ ಅವರು ತೀರಿಕೊಂಡಾಗ ಆಲೂರಿನ ಅವರ ಮನೆಗೆ ಹೋಗಿದ್ದೆ. ಅವರ ಹೆಂಡತಿ ನನ್ನನ್ನು ಗುರುತು ಹಿಡಿದರು.

"ಬಾಯಮ್ಮನ ಕಡಸಿನ ದೋಸ ನೀವೇ ಹಿಡಿದ್ರಂತಲ್ಲ. ನಮ್ಮನೆಯೋರು ಭಾಳ ಸಲ ಹೇಳೋರು."

ಆಗಲೂ ನಾನು ಅಲ್ಲವೆನ್ನಲಿಲ್ಲ. ಮನೆಯವರ ಮುಂದೆ ಕೂಡ ಅದನ್ನು ನನಗೇ ಬಿಟ್ಟುಕೊಟ್ಟಿದ್ದರಲ್ಲ ಎಂದು, ತೀರಿಹೋದವರ ಮೇಲೂ ಹೊಟ್ಟೆಕಿಚ್ಚಾಯಿತು. ಈಗ ನಿಜ ಹೇಳಿಬಿಡೋಣವೆನ್ನಿಸುತ್ತದೆ. ಅವರೂ ಇಲ್ಲ, ಬಾಯಮ್ಮನೂ ಇಲ್ಲ.