ಹುಣಸಗಿಯಲ್ಲಿ ಕೇಳಿದ ಕೊನೆಯ ನುಡಿ

ಶ್ರಾವಣದ ಎರಡನೆಯ ಮಂಗಳವಾರ ಬೆಳಿಗ್ಗೆ ಏಳೂವರೆಗೆ ಯಾದಗಿರಿ ಬಸ್ ನಿಲ್ದಾಣದಿಂದ ಹೊರಟೆ. ಕೈಚೀಲದಲ್ಲಿ ರಾತ್ರಿ ಉಳಿಯಲೆಂದು ಒಂದು ಧೋತರ, ಟವೆಲ್ಲು, ಬಿ.ಪಿ. ಗುಳಿಗೆ. ಹೋಗಬೇಕಾದದ್ದು ಹುಣಸಗಿಗೆ. ಶಹಾಪುರದಲ್ಲಿ ಒಮ್ಮೆ, ಸುರಪುರದಲ್ಲಿ ಒಮ್ಮೆ ಬಸ್ ಬದಲಿಸಬೇಕು. ಎಪ್ಪತ್ತು ದಾಟಿದವನಿಗೆ ಇದು ಸಣ್ಣ ಪ್ರವಾಸವಲ್ಲ. ಆದರೆ ಅಲ್ಲಿನ ರೇಣುಕಾ ಎಂಬ ಹುಡುಗಿ ಮೂರು ಸಲ ಫೋನ್ ಮಾಡಿದ್ದಳು. ಆಕೆ ಹಗಲೆಲ್ಲ ಗದ್ದೆಯಲ್ಲಿ ಭತ್ತ ನಾಟಿ ಮಾಡುತ್ತಾಳೆ, ಬಿಡುವಿನಲ್ಲಿ ಹಾಡು ಕಟ್ಟುತ್ತಾಳೆ, ಕಟ್ಟಿದ್ದನ್ನು ಹಾಡಿ ಮೊಬೈಲಿನಲ್ಲಿ ಜನರಿಗೆ ಬಿಡುತ್ತಾಳೆ.

“ಮುತ್ಯಾ, ನಿಮ್ಮ ಕಾಲುವಿ ಪದ ನಾ ಹೊಸದಾಗಿ ಹಾಡಾಕತ್ತೀನ್ರಿ. ಬುಧವಾರ ರೆಕಾರ್ಡಿಂಗ್ ಅದ. ಮೊದ್ಲ ನೀವೊಮ್ಮೆ ಕೇಳಬೇಕು. ನಿಮ್ಮ ಪದ ಕೇಳೇ ನಾ ಬರೆಯಾಕ ಕಲ್ತಾಕಿ,” ಎಂದು ಹಿಂದಿನ ದಿನ ಹೇಳಿದ್ದಳು.

ನನ್ನನ್ನು ಹಳೆಯ ಪದಕಾರನೆಂದು ಕರೆಯುವವರು ಈಗಲೂ ಕೆಲವರಿದ್ದಾರೆ. ಆ ಗೌರವದ ಆಸೆಗೇ ಬಸ್ ಹತ್ತಿದೆನೆಂದು ಒಪ್ಪಿಕೊಳ್ಳುತ್ತೇನೆ.

ಸೇತುವೆ ದಾಟುವಾಗ ಭೀಮಾ ನದಿ ಕೆಂಪಗೆ ಹರಿಯುತ್ತಿತ್ತು. ಮೋಡ ಕವಿದಿದ್ದರೂ ಮಳೆ ಇರಲಿಲ್ಲ. ಒಂದು ತಾಸಿಗೆ ಶಹಾಪುರ ಬಂತು. ನಿಲ್ದಾಣದ ಎದುರು ಸುಸಲಾ, ಮಿರ್ಚಿ ತಿಂದು ಚಹಾ ಕುಡಿದೆ. ಎದುರಿಗೆ ಹತ್ತಿಬೀಜದ ವ್ಯಾಪಾರಿಯೊಬ್ಬರು ಕುಳಿತಿದ್ದರು. ಹಾಡು ಹಚ್ಚಿಕೊಂಡು ಹೋದ ಟ್ರ್ಯಾಕ್ಟರನ್ನು ನೋಡಿ ಮುಖ ಸಿಂಡರಿಸಿದರು.

“ಇದರಾಗ ಏನದ್ರಿ ಸಾಹೇಬ್ರ? ಬರೇ ಧಡಧಡ. ನಮ್ಮ ಎಮ್ಮಿ ಹಾಲ ಕೊಡೋದು ಬಿಟ್ಟದ ನೋಡ್ರಿ.”

“ಹಳಿ ಪದ ಯಾರಿಗೆ ಬೇಕಾಗ್ಯಾವ್ರಿ ಈಗ?” ಎಂದೆ ನಾನು.

ಮಾತು ಮುಗಿಯುವಷ್ಟರಲ್ಲಿ ಟ್ರ್ಯಾಕ್ಟರಿನ ಹಾಡು ಕೊನೆಗೆ ಬಂತು. ಹಾಡುವವನು ತನ್ನ ಊರು ಹೇಳಿದ, ಹೆಸರು ಹೇಳಿದ, ಹೆಸರಿನ ತುದಿಯನ್ನು ಎರಡು ಮಾತ್ರೆಯಷ್ಟು ಎಳೆದು ಬಿಟ್ಟ. ಆ ಎಳೆತ ನನಗೆ ಗೊತ್ತಿತ್ತು. ನಲವತ್ತು ವರ್ಷದ ಹಿಂದೆ ಅದು ನನ್ನ ಗಂಟಲಿನಿಂದಲೇ ಹುಟ್ಟಿತ್ತು. ಸುರಪುರದ ಬಸ್ಸು ಹತ್ತಿದೆ. ಹಿಂದಿನ ಸೀಟಿನಲ್ಲಿ ಇನ್ಯಾರದೋ ಮೊಬೈಲು, ಬೇರೊಂದು ಹಾಡು. ಕೊನೆಯಲ್ಲಿ ಅದೇ ಎಳೆತ.

ಬಸ್ಸು ಭೀಮರಾಯನಗುಡಿಯಲ್ಲಿ ನಿಂತಿತು. ಮರಗಳ ಮರೆಯಲ್ಲಿ ಹಳೆಯ ಕ್ಯಾಂಪಿನ ಮನೆಗಳು ಕಂಡವು. ಕಾಲುವೆ ತೋಡುವ ಕಾಲದಲ್ಲಿ ನಾನು ಇಲ್ಲಿ ಆಳುಗಳ ಹಾಜರಿ ಬರೆಯುತ್ತಿದ್ದೆ. ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ, ಅಕ್ಷರ ಚೆನ್ನಾಗಿತ್ತು. ಕಲ್ಲು ಕೆತ್ತುವ ಹುಸೇನಸಾಬನಿಗೆ ಅಕ್ಷರ ಬರುತ್ತಿರಲಿಲ್ಲ, ಆದರೆ ಸುತ್ತಿಗೆ ಪೆಟ್ಟಿನ ಲೆಕ್ಕಕ್ಕೆ ಹಾಡು ಕಟ್ಟುತ್ತಿದ್ದ. ಅವನು ಹೇಳಿದ್ದನ್ನು ನಾನು ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ನಮ್ಮ ಕಡೆ ಹಾಡನ್ನು ಯಾರು ಹಾಡಿದರೂ ಕೊನೆಯ ನುಡಿಯಲ್ಲಿ ಕಟ್ಟಿದವನ ಹೆಸರು ಬರಬೇಕು. ಕಾಲುವೆ ಪದದ ಕೊನೆಯ ನುಡಿ ಹೀಗಿತ್ತು:

ನೀರಿಗಿ ಹೆಸರಿಲ್ಲ, ನೆಲಕ ಹೆಸರಿಲ್ಲ,
ಹಾಡಿಗೊಂದ ಹೆಸರ ಹುಸೇನಸಾಬ.

ಕ್ಯಾಸೆಟ್ ಮಾಡುವವರು ಕ್ಯಾಂಪಿಗೆ ಬಂದ ದಿನ ಅವನು ತಂಗಿಯ ಊರಿಗೆ ಹೋಗಿದ್ದ. ನಾನು ಹಾಡಿದೆ. ಒಂದೇ ಒಂದು ಶಬ್ದ ಬದಲಿಸಿದೆ. ಹುಸೇನಸಾಬ ಇದ್ದಲ್ಲಿ ಶರಣಪ್ಪ ಎಂದು ನನ್ನ ಹೆಸರು ಹಾಡಿದೆ. ಹೆಸರು ಧಾಟಿಗೆ ಎರಡು ಮಾತ್ರೆ ಸಾಲಲಿಲ್ಲ, ಹಾಗಾಗಿ ತುದಿ ಎಳೆದೆ.

ಕ್ಯಾಸೆಟ್ ಊರೂರಿಗೆ ಹೋಯಿತು. ಹುಸೇನಸಾಬ ಅದನ್ನು ಕ್ಯಾಂಪಿನ ಹೋಟೆಲಿನಲ್ಲಿ ನನ್ನ ಎದುರಿಗೇ ಕೇಳಿದ. “ಶರಣಪ್ಪ, ಹೆಸರ ಗಿಡ್ಡ ಆತು. ಎಳೀಬೇಕಾತು ನೋಡ,” ಎಂದು ಚಹಾ ಮುಗಿಸಿ ಎದ್ದ. ಆಮೇಲೆ ನನಗೆ ಒಂದು ಸಾಲನ್ನೂ ಹೇಳಲಿಲ್ಲ. ಕೆಲವು ವರ್ಷಗಳ ಮೇಲೆ ಅವನು ತೀರಿಕೊಂಡ. ಮಣ್ಣಿಗೂ ನಾನು ಹೋಗಲಿಲ್ಲ.

ಸುರಪುರದಲ್ಲಿ ಮುಕ್ಕಾಲು ತಾಸು ಕಾದು ಹುಣಸಗಿ ಬಸ್ ಹಿಡಿದೆ. ದಾರಿಯುದ್ದಕ್ಕೂ ಕಾಲುವೆ ನೀರು, ಕೆಸರು ಗದ್ದೆ, ಬಾಗಿದ ಹೆಂಗಸರು. ಹನ್ನೆರಡೂವರೆಗೆ ಇಳಿದಾಗ ರೇಣುಕಾ ನಿಂತಿದ್ದಳು. ಇಪ್ಪತ್ತೆರಡರ ಹುಡುಗಿ, ಕಾಲಿನ ಕೆಸರು ಇನ್ನೂ ಒಣಗಿರಲಿಲ್ಲ. ನಡುರಸ್ತೆಯಲ್ಲೇ ಕಾಲಿಗೆ ಬಿದ್ದಳು.

ಮನೆಯಲ್ಲಿ ಅವಳ ಆಯಿ, ಅಂದರೆ ಅಜ್ಜಿ, ಹಣಮವ್ವ ರೊಟ್ಟಿ, ಪುಂಡಿಪಲ್ಯ, ಶೇಂಗಾಹಿಂಡಿ ಬಡಿಸಿದಳು. ನನ್ನನ್ನು ಒಂದು ಸಲ ದಿಟ್ಟಿಸಿದಳೇ ಹೊರತು ಮಾತಾಡಲಿಲ್ಲ. ಊಟವಾದ ಮೇಲೆ ರೇಣುಕಾ ಕಾಲುವೆ ಪದ ಹಾಡಿದಳು. ತಾಳ ಹೊಸದು, ಓಟ ಜೋರು. ಒಳಗೆ ಮಾತ್ರ ಸುತ್ತಿಗೆ ಹಾಗೇ ಬೀಳುತ್ತಿತ್ತು. ಕೊನೆಯ ನುಡಿಯ ಮುಂದೆ ನಿಲ್ಲಿಸಿದಳು.

“ಇಲ್ಲೊಂದ ತಕರಾರ ಅದ ಮುತ್ಯಾ. ನಾಟಿ ಹಚ್ಚೋ ಹೆಣ್ಮಕ್ಳು ಇಲ್ಲಿ ಹುಸೇನಸಾಬ ಅಂತಾರ. ನಮ್ಮ ಆಯೀನೂ ಹಂಗೇ ಹಾಡ್ತಾಳ. ಕ್ಯಾಸೆಟ್ಟಿನಾಗ ನಿಮ್ಮ ಹೆಸರದ. ಇವರ ಬಾಯಾಗ ತಪ್ಪಾಗ್ಯಾದ ಹೌದಿಲ್ರಿ? ನೀವು ಹೇಳಿದ್ದು ನಾಳಿ ಹಾಡ್ತೀನಿ.”

ಆ ಹೆಸರನ್ನು ಭೂಮಿಯ ಮೇಲಿಂದ ಅಳಿಸಿದೆ ಎಂದೇ ಇಷ್ಟು ವರ್ಷ ನಂಬಿದ್ದೆ.

“ಮತ್ತ ನಾ ಕಟ್ಟಿದ ಹನ್ನೊಂದೂ ಪದದಾಗ ಶರಣಪ್ಪ ಗುರುವಿನ ಮಗಳು ಅಂತ ಹಾಕೀನ್ರಿ. ನಿಮ್ಮಂಗೇ ಕೊನಿಗೆ ಎಳೀತೀನಿ. ಈಗ ಈ ಕಡಿ ಎಲ್ರೂ ಹಂಗೇ ಎಳೀತಾರ.”

ಹೌದು ತಪ್ಪಾಗಿದೆ ಎಂದಿದ್ದರೆ ಮುಗಿದುಹೋಗುತ್ತಿತ್ತು. ಮಾತು ಬಾಯಿಗೂ ಬಂದಿತ್ತು.

“ಅವರ ಬಾಯಾಗ ತಪ್ಪಿಲ್ಲವ್ವ,” ಎಂದೆ. “ಹಾಡು ಹುಸೇನಸಾಬಂದು. ನಾ ಬರಕೊಂಡಾಂವ. ಆಮ್ಯಾಗ ಕದ್ದಾಂವ. ಹೆಸರ ಸಾಲಲಿಲ್ಲ, ಅದಕ್ಕ ಎಳದೆ.”

ಹಣಮವ್ವ ತಾಟು ಎತ್ತುತ್ತ ಹೇಳಿದಳು: “ಹಾಜರಿ ಬರೆಯೋ ಹುಡುಗ ಅಂತ ನೋಡಿದ ಕೂಡ್ಲೇ ಗುರ್ತ ಹಿಡದೀನಿ. ನಾ ಆ ಕ್ಯಾಂಪಿನಾಗೇ ಕಲ್ಲ ಹೊತ್ತಾಕಿ. ಹೇಳ್ತೀಯೋ ಇಲ್ಲೋ ನೋಡಮು ಅಂತ ಸುಮ್ಕ ಕುಂತಿದ್ದೆ.”

“ನನಗರ ಮೊದ್ಲ ಹೇಳಬಾರದಾ ಆಯಿ?” ರೇಣುಕಾ ಅಜ್ಜಿಯ ಕಡೆ ತಿರುಗಿದಳು.

“ಹೇಳಿದ್ರ ಕ್ಯಾಸೆಟ್ ಬಿಟ್ಟು ನನ್ನ ಮಾತ ಕೇಳತಿದ್ಯಾ?”

ರೇಣುಕಾ ತನ್ನ ನೋಟುಬುಕ್ಕು ತಂದಳು. ಪುಟ ಪುಟ ತೆರೆದು ನನ್ನ ಹೆಸರಿದ್ದ ಸಾಲುಗಳನ್ನೆಲ್ಲ ಹೊಡೆದುಹಾಕಿದಳು. ಹನ್ನೊಂದು ಸಲ ಪೆನ್ನು ಗೀರಿದ ಸದ್ದು ಕೇಳಿದೆ. ಆಮೇಲೆ ಖಾಲಿ ಪುಟ ತೆರೆದು ನನ್ನ ಮುಂದೆ ಇಟ್ಟಳು.

“ಅಕ್ಷರ ಛಂದ ಅದಾವಲ್ಲ. ಅಂವ ಹೇಳಿದಂಗ ಪೂರಾ ಬರೀರಿ.”

ನಾನು ಬರೆದೆ. ಆರು ನುಡಿ, ಕೊನೆಗೆ ಅವನ ಹೆಸರು. ಪೆನ್ನು ಕೊಡುವಾಗ ಕೇಳಿದೆ: “ಆ ಎಳೆಯೋದ ನಿನ್ನ ಹಾಡಿನಿಂದ ತೆಗದ್ಬಿಡವ್ವ.”

“ನನ್ನ ಹಾಡಿಂದ ತೆಗೀಬೋದ್ರಿ. ಊರ ಬಾಯಿಂದ ಯಾರ ತೆಗಿಯೋರು?”

ಉಳಿಯಿರಿ ಎಂದು ಯಾರೂ ಹೇಳಲಿಲ್ಲ. ಮೂರೂವರೆಯ ಬಸ್ಸಿಗೆ ಅವಳೇ ಬಿಟ್ಟುಹೋದಳು. ಈ ಸಲ ಕಾಲಿಗೆ ಬೀಳಲಿಲ್ಲ. “ಕಿಡಕಿ ಕಡಿ ಕೂಡ್ರಿ ಮುತ್ಯಾ, ಗಾಳಿ ಬರ್ತದ,” ಎಂದಳು, ಅಷ್ಟೇ.

ಕಾಲುವೆ ಸೇತುವೆಯ ಮೇಲೆ ಎದುರಿನಿಂದ ಬಂದ ಟ್ರ್ಯಾಕ್ಟರಿಗೆ ದಾರಿ ಕೊಡಲು ಬಸ್ಸು ನಿಂತಿತು. ಟ್ರ್ಯಾಕ್ಟರಿನಲ್ಲಿ ಯಾರೋ ಹುಡುಗನ ಹೊಸ ಹಾಡು ಮುಗಿಯುತ್ತಿತ್ತು. ಊರು ಬಂತು, ಹೆಸರು ಬಂತು, ಎಳೆತ ಬಂತು. ನಾನು ಕಿವಿ ಮುಚ್ಚಿಕೊಳ್ಳಲಿಲ್ಲ. ಆ ಹುಡುಗ ಎಳೆದ ಜಾಗದಲ್ಲಿ ಮೆಲ್ಲಗೆ ಹುಸೇನಸಾಬ ಎಂದೆ. ಪಕ್ಕದವರು ಯಾರನ್ನು ಕರೆದಿರಿ ಎಂದು ಕೇಳಿದರು.