ಖಾಲಿ ಕೊಡದ ಸ್ವಾಗತ

ಗೆಳೆಯರೇ, ಇನ್ನೂ ಮೈ ಉರಿಯುತ್ತಿದೆ. ಇಂದು ಯಾವುದೋ ಪರದೇಶದ ಅಧ್ಯಕ್ಷರು ನಮ್ಮ ಬಂಕಾಪುರದ ದೊಡ್ಡ ರಸ್ತೆಯಲ್ಲಿ ಹಾಯ್ದು ಹೋಗುವವರಿದ್ದರು. ಪೂರ್ಣಕುಂಭ ಹೊತ್ತು ನಿಲ್ಲಲು ನನ್ನನ್ನೂ ಸೇರಿಸಿ ನಮ್ಮ ಓಣಿಯ ಹೆಣ್ಣುಮಕ್ಕಳನ್ನು ಬೆಳಗ್ಗೆಯೇ ಕರೆಸಿದ್ದರು. ನೀರು ತುಂಬಲು ಬಾವಿಗೆ ಹೊರಟರೆ, ಉಸ್ತುವಾರಿ ಹೊತ್ತ ಸಾಹೇಬರು ಅಡ್ಡ ಬಂದರು.

"ನೀರ್ಯಾಕ ಬೇಕು? ತುಳುಕಿ ಸೀರಿ ತೊಯ್ದರ ಫೋಟೋ ಕೆಡ್ತೈತಿ. ಖಾಲಿ ಕೊಡದ ಮ್ಯಾಲ ಕಾಯಿ ಇಟ್ಕೊಂಡು ನಿಂದರ್ರಿ. ಕಾರಿನ್ಯಾಗ ಕುಂತವರಿಗೆ ಏನ್ ಗೊತ್ತಾಗ್ತೈತಿ?"

ಖಾಲಿ ಕೊಡ! ಪಕ್ಕದ ಶಿಗ್ಗಾವಿಗೆ ಹೊರಟವರ ಎದುರಿಗೂ ನಾವು ಖಾಲಿ ಕೊಡ ಹಿಡಿದು ಬರುವುದಿಲ್ಲ, ಅದು ಅಪಶಕುನ. ಬ್ರಿಟಿಷರು ಹೋಗಿ ಹತ್ತು ವರ್ಷವಾದರೂ ಈ ಸಾಹೇಬಿಕೆ ಹೋಗಿಲ್ಲ.

ನಮ್ಮ ಅತ್ತೆ ನಿಂಗವ್ವ ಕೊಡವನ್ನು ನೆಲಕ್ಕೆ ಕುಕ್ಕಿದರು. "ಅವರಿಗೆ ಗೊತ್ತಾಗದಿದ್ರ ಏನಾತ್ರಿ, ನಮಗ ಗೊತ್ತೈತೆಲ್ಲ? ಬರಾಕತ್ತವರು ನಮ್ಮೂರಿಗೆ ಬೀಗರಿದ್ದಂಗ. ನೀರಿಲ್ದ ನಾವ್ಯಾರೂ ನಿಂದ್ರೂದಿಲ್ಲ."

ಎಲ್ಲರೂ ಕೊಡ ಕೆಳಗಿಟ್ಟು ಕುಳಿತುಬಿಟ್ಟೆವು. ಸಾಹೇಬರು ಕೂಗಾಡಿ, ಕೊನೆಗೆ ಹಲ್ಲು ಕಡಿಯುತ್ತ ಬಾವಿಯ ಕಡೆ ಕೈ ತೋರಿಸಿದರು.

ತುಂಬಿದ ಕೊಡ ಹೊತ್ತು ಮಧ್ಯಾಹ್ನದವರೆಗೆ ಬಿಸಿಲಲ್ಲಿ ನಿಂತೆವು. ಕಾರುಗಳು ಬಂದವು, ಗಾಜು ಏರಿಸಿಕೊಂಡೇ ಹೋದವು. ನಮಗೆ ಸಿಕ್ಕಿದ್ದು ಧೂಳು.

ಆಗ ಗಂಟಲು ಒಣಗಿದ ಸಾಹೇಬರು ಅತ್ತೆಯ ಎದುರು ಬಂದು, "ಅಕ್ಕಾರ, ಒಂದೀಟು ನೀರು ಹಾಕ್ರಿ" ಎಂದು ಬೊಗಸೆ ಒಡ್ಡಿದರು. ಅತ್ತೆ ಮೇಲಿನ ಕಾಯಿ ತೆಗೆದು ನನ್ನ ಕೈಗೆ ಕೊಟ್ಟು, ಕೊಡ ಬಗ್ಗಿಸಿದರು.

ಅಂತೂ ಇಂದು ಬಂಕಾಪುರದ ಪೂರ್ಣಕುಂಭ ಸ್ವಾಗತ ದಕ್ಕಿದ್ದು, ನೀರೇ ಬೇಡವೆಂದ ಸಾಹೇಬರಿಗೆ.